ಪಕ್ಕದ ಸೀಟಿನವರನ್ನು ಯಾರೂ ಕೇಳಲ್ಲ

ಗೆಳೆಯನೊಬ್ಬ ಪಾಡ್‌ಕಾಸ್ಟ್ ಶುರು ಮಾಡುತ್ತಿದ್ದಾನೆ. ಕಾರು, ಬೈಕು, ರೇಸು, ರ‍್ಯಾಲಿ, ಬರೀ ಅದೇ. "ಒಬ್ಬರನ್ನು ಕೂರಿಸಿಕೊಂಡು ಎರಡು ಗಂಟೆ ಮಾತಾಡಿಸಬಹುದು. ಬದುಕಿದ್ದವರಾದರೂ ಸರಿ, ಸತ್ತವರಾದರೂ ಸರಿ. ಯಾರು ಬೇಕು?" ಅಂತ ಗ್ರೂಪಿನಲ್ಲಿ ಕೇಳಿದ. ಐದು ನಿಮಿಷದಲ್ಲಿ ಸೆನ್ನಾ ಹೆಸರು ನಾಲ್ಕು ಸಲ ಬಂತು. ಆಮೇಲೆ ಶೂಮಾಕರ್, ಎಂಜೋ ಫೆರಾರಿ, ನಮ್ಮ ನರೇನ್ ಕಾರ್ತಿಕೇಯನ್. ನಾನು "ಡೆನಿಸ್ ಜೆಂಕಿನ್ಸನ್" ಅಂತ ಹಾಕಿದೆ. "ಯಾರು ಮಾರಾಯಾ ಅದು?" ಅಂದರು ಮೂವರು. ಗ್ರೂಪಿನಲ್ಲಿ ಉದ್ದುದ್ದ ಬರೆದರೆ ಬೈತಾರೆ. ಅದಕ್ಕೇ ಇಲ್ಲಿ.

1955ರ ಮಿಲ್ಲೆ ಮಿಲಿಯಾ. ಇಟಲಿಯ ಬ್ರೆಶಿಯಾದಿಂದ ಹೊರಟು ರೋಮ್ ಮುಟ್ಟಿ ವಾಪಸ್ ಬರುವ ಓಟ, ಸುಮಾರು 1,600 ಕಿಲೋಮೀಟರ್, ಅದೂ ಊರುಕೇರಿಯ ಮಾಮೂಲಿ ರಸ್ತೆಯಲ್ಲಿ. ಬ್ರಿಟನ್ನಿನ ಡ್ರೈವರ್ ಸ್ಟರ್ಲಿಂಗ್ ಮಾಸ್ ಅದನ್ನು 10 ಗಂಟೆ 7 ನಿಮಿಷದಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರ್! ಮರ್ಸಿಡಿಸ್ ಕಾರಿನ ಮೇಲೆ 722 ಅಂತ ನಂಬರ್. ಅವರು ಹೊರಟದ್ದು ಬೆಳಗ್ಗೆ 7.22ಕ್ಕೆ, ಅದೇ ನಂಬರ್ ಆಯ್ತು. ಇಷ್ಟು ಎಲ್ಲರಿಗೂ ಗೊತ್ತು.

ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತಿದ್ದವರು ಜೆಂಕಿನ್ಸನ್. ಗಡ್ಡ ಬಿಟ್ಟ, ಕನ್ನಡಕ ಹಾಕಿದ ಸಣ್ಣ ಆಳು, ವೃತ್ತಿಯಲ್ಲಿ ಪತ್ರಕರ್ತ. ಮೊದಲೇ ದಾರಿಯಲ್ಲಿ ಓಡಾಡಿ ತಿರುವು, ದಿಬ್ಬ, ರೈಲ್ವೆ ಕ್ರಾಸಿಂಗ್ ಎಲ್ಲವನ್ನೂ ಬರೆದುಕೊಂಡಿದ್ದರು. ಅದೆಲ್ಲ ಐದು ಮೀಟರಿಗೂ ಜಾಸ್ತಿ ಉದ್ದದ ಒಂದೇ ಸುರುಳಿ ಕಾಗದ. ಅದನ್ನು ಅಲ್ಯುಮಿನಿಯಂ ಪೆಟ್ಟಿಗೆಗೆ ಹಾಕಿ, ಕೈಯಲ್ಲಿ ತಿರುಗಿಸುತ್ತಾ ಓದೋದು. ತೆರೆದ ಕಾರು, ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸಲ್ಲ. ಹಾಗಾಗಿ ಎಲ್ಲ ಕೈಸನ್ನೆ. ಮುಂದೇನಿದೆ ಅಂತ ಕಾಣದ ದಿಬ್ಬಕ್ಕೆ ಇವರು "ಒತ್ತು" ಅಂತ ಕೈ ತೋರಿಸಿದರೆ, ಮಾಸ್ ಪೆಡಲ್ ಬಿಡದೆ ಹಾರಿಸಿಬಿಡುತ್ತಿದ್ದರು.

ಮಾಸ್ ಅವರನ್ನು ಧೈರ್ಯವಂತ ಅಂತೀವಿ, ಸರಿ. ಅವರ ಕೈಯಲ್ಲಿ ಸ್ಟೀರಿಂಗ್ ಇತ್ತು. ಇವರ ಕೈಯಲ್ಲಿದ್ದದ್ದು ಕಾಗದ ಅಷ್ಟೇ! ಕೈಸನ್ನೆ ಒಂದು ಸಲ ತಪ್ಪಿದ್ದರೆ?

ಇನ್ನೊಂದು ವಿಷಯ. ದಾರಿಯಲ್ಲಿ ಜೆಂಕಿನ್ಸನ್‌ಗೆ ವಾಂತಿ ಬಂತು. ಪಕ್ಕಕ್ಕೆ ಬಾಗಿದರು, ಗಾಳಿಗೆ ಕನ್ನಡಕ ಹಾರಿಹೋಯಿತು. ಪುಣ್ಯಕ್ಕೆ ಇನ್ನೊಂದು ಜೊತೆ ಇಟ್ಟುಕೊಂಡಿದ್ದರು. ಇದನ್ನು ಆಮೇಲೆ ಅವರೇ ಬರೆದರು. ಅವರು ನನಗೆ ಹತ್ತಿರದವರು ಅನ್ನಿಸಿದ್ದು ಇದನ್ನು ಓದಿದಾಗ.

ಯಾಕೆಂದರೆ ನನ್ನದೂ ಅದೇ ಪಾಡು. ಒಂದು ಭಾನುವಾರ ಗೆಳೆಯನ ಕಾರಿನಲ್ಲಿ ಟಿಎಸ್‌ಡಿ ರ‍್ಯಾಲಿಗೆ ನ್ಯಾವಿಗೇಟರ್ ಆಗಿ ಹೋಗಿದ್ದೆ. ಹೇಳಿದ ವೇಗದಲ್ಲಿ, ಹೇಳಿದ ಹೊತ್ತಿಗೆ, ಹೇಳಿದ ದಾರಿಯಲ್ಲಿ ಹೋಗುವ ಆಟ ಅದು; ಟೈಮ್, ಸ್ಪೀಡ್, ಡಿಸ್ಟೆನ್ಸ್ ಅಂತ ಹೆಸರೇ. ಸುಮ್ನೆ ದಾರಿ ಹೇಳೋದು ತಾನೇ ಅಂದುಕೊಂಡಿದ್ದೆ. ಮೂಡಿಗೆರೆ ಕಡೆಯ ತಿರುವುಗಳಲ್ಲಿ ತಲೆ ಬಗ್ಗಿಸಿ ರೋಡ್‌ಬುಕ್ ಓದಿ ನೋಡಿ, ಆಗ ಗೊತ್ತಾಗುತ್ತೆ. ಇಪ್ಪತ್ತೇ ನಿಮಿಷಕ್ಕೆ ಹೊಟ್ಟೆ ತೊಳಸಿತು. ಒಂದು ತಿರುವು ತಪ್ಪಿಸಿದೆ. ಕಾರು ಹೋಗಿ ನಿಂತದ್ದು ಯಾರದೋ ಕಾಫಿ ಕಣದ ಅಂಚಿನಲ್ಲಿ. ಹಣ್ಣು ಒಣಹಾಕುತ್ತಿದ್ದ ಅಜ್ಜಿ "ರ‍್ಯಾಲಿ ಆ ಕಡೆ ಹೋಯ್ತಲ್ಲ ಮಗಾ" ಅಂದರು. ಗೆಳೆಯ ವಾಪಸ್ ಬರುವವರೆಗೂ ತುಟಿ ಬಿಚ್ಚಲಿಲ್ಲ.

ಮುಚ್ಚಿದ ರಸ್ತೆಯಲ್ಲಿ ಪೂರಾ ಜೋರಾಗಿ ಓಡಿಸುವ ಸ್ಟೇಜ್ ರ‍್ಯಾಲಿಯಲ್ಲಿ ಇದರ ಹತ್ತು ಪಟ್ಟು ಕೆಲಸ. ಪೇಸ್ ನೋಟ್ಸ್, ಅಂದರೆ ಮೊದಲೇ ಬರೆದಿಟ್ಟ ತಿರುವುಗಳ ವಿವರ, ಓದಬೇಕು, ಅದೂ ತಿರುವಿಗೆ ಸರಿಯಾಗಿ ಮುಂಚೆ. ಬೇಗ ಹೇಳಿದರೆ ಡ್ರೈವರ್ ಮರೆಯುತ್ತಾನೆ, ತಡವಾದರೆ ಕಾರು ಮರಕ್ಕೆ. ಸಮಯ ಬರೆಸಿಕೊಳ್ಳುವ ಟೈಮ್ ಕಾರ್ಡ್ ಕೂಡ ನ್ಯಾವಿಗೇಟರದೇ ಜವಾಬ್ದಾರಿ. ಸಮಯ ನೋಡುವ ಜಾಗಕ್ಕೆ, ಅಂದರೆ ಕಂಟ್ರೋಲ್‌ಗೆ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಹೋದರೆ ಪೂರ್ತಿ ಒಂದು ನಿಮಿಷ ದಂಡ. ಬೇಗ ಬಂದಿದ್ದಕ್ಕೇ ಜಾಸ್ತಿ ಶಿಕ್ಷೆ, ನಮ್ಮವರಿಗೆ ಹೇಳಿಮಾಡಿಸಿದ ಆಟ ಅಲ್ವಾ!

ನನ್ನ ಪಟ್ಟಿಯ ಎರಡನೆಯವರು ಇಟಲಿಯ ಫಾಬ್ರಿಜಿಯಾ ಪೋನ್ಸ್. 1981ರ ಸಾನ್‌ರೆಮೋ ರ‍್ಯಾಲಿಯಲ್ಲಿ ಫ್ರಾನ್ಸಿನ ಮಿಶೆಲ್ ಮೂಟೋನ್ ವಿಶ್ವ ಚಾಂಪಿಯನ್‌ಶಿಪ್‌ನ ರ‍್ಯಾಲಿ ಗೆದ್ದ ಮೊದಲ ಮಹಿಳೆಯಾದಾಗ ಆಡಿ ಕ್ವಾಟ್ರೋ ಕಾರಿನಲ್ಲಿ ಅವರ ಪಕ್ಕದಲ್ಲಿದ್ದವರು. ಮರುವರ್ಷ ಮೂಟೋನ್ ವಿಶ್ವ ಚಾಂಪಿಯನ್ ಆಗುವ ಹತ್ತಿರ ಬಂದಿದ್ದರು. ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಹೊತ್ತಿಗೆ ಅಪ್ಪ ತೀರಿಕೊಂಡ ಸುದ್ದಿ ಬಂತು. ಆದರೂ ಓಡಿಸಿದರು, ಮುಂದಿದ್ದರು. ಕೊನೆಗೆ ಮಂಜಿನಲ್ಲಿ ಕಾರು ಬಿತ್ತು, ಪಟ್ಟ ಎದುರಾಳಿ ವಾಲ್ಟರ್ ರೋಲ್ ಪಾಲಾಯಿತು. ಮೂಟೋನ್ ಈ ಬಗ್ಗೆ ಎಷ್ಟೋ ಸಲ ಮಾತಾಡಿದ್ದಾರೆ. ನನಗೆ ಕೇಳಬೇಕಾದದ್ದು ಪೋನ್ಸ್ ಅವರನ್ನು. ಅಪ್ಪನನ್ನು ಕಳೆದುಕೊಂಡು ಸ್ಟೀರಿಂಗ್ ಹಿಡಿದವಳ ಕಿವಿಗೆ ದಿನಗಟ್ಟಲೆ ತಿರುವುಗಳನ್ನು ಓದಿ ಹೇಳಿದಿರಲ್ಲ, ಮಧ್ಯೆ ಬೇರೆ ಏನಾದರೂ ಮಾತಾಡಿದಿರಾ? ಇಲ್ಲಾ ಬರೀ ಎಡ, ಬಲ ಅಷ್ಟೇನಾ?

ಇನ್ನು ಮೂಸಾ ಶರೀಫ್. ನಮ್ಮ ಪಕ್ಕದ ಕಾಸರಗೋಡಿನವರು, ಡ್ರೈವರ್ ಗೌರವ್ ಗಿಲ್ ಜೊತೆ ನ್ಯಾವಿಗೇಟರ್ ಆಗಿ ರಾಷ್ಟ್ರೀಯ ರ‍್ಯಾಲಿ ಪಟ್ಟ ಗೆದ್ದವರು. 2019ರಲ್ಲಿ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ನ್ಯಾವಿಗೇಟರ್‌ಗೆ ಅಂತ ಅಂಥದ್ದೊಂದು ಯಾವಾಗ ಬರುತ್ತೆ ಅಂತ ಅವತ್ತೇ ಅನ್ನಿಸಿತ್ತು.

ಇದನ್ನೆಲ್ಲ ಹೇಳಿದ ಮೇಲೆ ಗೆಳೆಯ, "ಜೆಂಕಿನ್ಸನ್ ಸಿಗಲ್ಲ, ಇಟಲಿಗೆ ದುಡ್ಡಿಲ್ಲ, ಕಾಸರಗೋಡಿಗೆ ರೈಲಿದೆ. ನೀನೇ ಪ್ರಶ್ನೆ ಬರೆದುಕೊಡು" ಅಂದ. ಬರೆಯುತ್ತಿದ್ದೇನೆ. ಮೊದಲ ಪ್ರಶ್ನೆ: "ಸಾರ್, ನಿಮಗೆ ವಾಂತಿ ಬರಲ್ವಾ?"