ಕೊಲಂಬಸ್‌ಗೂ ಮುಂಚೆ ಅಲ್ಲಿ ನಾಯಿ ಇರಲಿಲ್ವಾ?

ಕೆರಿಬಿಯನ್ ದ್ವೀಪಗಳಿಗೆ ಮೊದಲು ನಾಯಿ ತಂದಿದ್ದು ಕೊಲಂಬಸ್ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಇದು ತಪ್ಪು. ಕುದುರೆ, ದನ, ಹಂದಿ 1493ರ ಎರಡನೇ ಯಾನದಲ್ಲಿ ಬಂದವು, ಅದು ನಿಜ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲೇ. ನಾಯಿ ಮಾತ್ರ ಸಾವಿರ ವರ್ಷಕ್ಕೂ ಮುಂಚೆ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಜೊತೆ ದೋಣಿ ಹತ್ತಿ ಬಂದಿತ್ತು. ಪೋರ್ಟೊರಿಕೊ ಪಕ್ಕದ ವಿಯೆಕೆಸ್ ದ್ವೀಪದಲ್ಲಿ ಜನ ನಾಯಿಗಳನ್ನು ಹೂತಿಟ್ಟ ಜಾಗವೇ ಸಿಕ್ಕಿದೆ. ಕೆಲವೆಡೆ ತೂತು ಕೊರೆದ ನಾಯಿಹಲ್ಲುಗಳೂ ಸಿಕ್ಕಿವೆ, ಸರಕ್ಕೆ ಪೋಣಿಸಲು!

ನೀವೇ ಪರೀಕ್ಷಿಸಬಹುದು. ಮೂಳೆ ಎಲ್ಲಿ, ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು, ಕಾರ್ಬನ್ ಪರೀಕ್ಷೆಯಲ್ಲಿ ಅದರ ವಯಸ್ಸೆಷ್ಟು ಅಂತ ಮೆಸೇಜಿನಲ್ಲಿ ಇದೆಯಾ ನೋಡಿ. ಇದ್ದರೆ ಜಾಗದ ಹೆಸರು ಹಾಕಿ ಮ್ಯೂಸಿಯಂ ಪುಟಗಳಲ್ಲಿ ಹುಡುಕಿ. ಇನ್ನೂ ಸುಲಭದ ದಾರಿ ಕೊಲಂಬಸ್‌ನ ದಿನಚರಿಯೇ. 1492ರಲ್ಲಿ ಕ್ಯೂಬಾದಲ್ಲಿ ಕಂಡ, ಬೊಗಳದ ನಾಯಿಗಳ ಮಾತು ಅದರಲ್ಲೇ ಇದೆ.