ಅರ್ಧ ಹೊಕ್ಕ ಸ್ಕ್ರೂ

ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ಕೇಳಿದರೆ ‘ಒಳ್ಳೆಯದು ಕೊಡಲೋ, ಸಾಧಾರಣದ್ದು ಸಾಕೋ?’ ಎಂಬ ಪ್ರಶ್ನೆ ಬರುವುದುಂಟು. ಮದುವೆಯ ಸೀರೆಯಂಗಡಿಯಲ್ಲಿ ಇದೇ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರಿಸುವ ನಮ್ಮ ಭಾವನವರು, ಸ್ಕ್ರೂವಿನ ವಿಷಯ ಬಂದೊಡನೆ ‘ಮರದೊಳಗೆ ಹುಗಿದುಹೋಗುವ ವಸ್ತುವಿಗೆ ಅಷ್ಟೊಂದು ದುಡ್ಡೇಕೆ?’ ಎನ್ನುತ್ತಾರೆ. ಉಡುಪಿಯ ಅವರ ಮನೆಯ ಅಡುಗೆಕೋಣೆಗೆ ಹಲಸಿನ ಮರದ ಕಪಾಟು ಮಾಡುವ ಸಂಭ್ರಮದಲ್ಲಿ ಈ ತತ್ತ್ವದಂತೆಯೇ ಖರೀದಿ ನಡೆಯಿತು.

ಭಾವ ತಂದದ್ದು ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಸ್ಕ್ರೂಗಳ ಡಬ್ಬಿ. ಆ ಸ್ಕ್ರೂಗಳು ಗಡುಸಾಗಿರುತ್ತವೆ ಎಂಬುದು ನಿಜ. ಆದರೆ ಆ ಗಡಸುತನದಿಂದಾಗಿಯೇ ಒತ್ತಡ ಹೆಚ್ಚಿದಾಗ ಬಾಗುವ ಸೌಜನ್ಯವನ್ನೂ ತೋರದೆ ಫಟ್ಟನೆ ಮುರಿಯುತ್ತವೆ. ಕರಾವಳಿಯ ಉಪ್ಪುಗಾಳಿಗೆ ಅವುಗಳ ಕಪ್ಪು ಲೇಪ ಬಹುಕಾಲ ತಡೆಯದು ಎಂಬುದು ಬೇರೆ ಮಾತು. ಏಕೆಂದರೆ ತುಕ್ಕು ಹಿಡಿಯುವಷ್ಟು ದಿನ ಅವು ಉಳಿಯಬೇಕಲ್ಲ! ಮೊದಲನೆಯದರ ತಲೆ ಹಾರಿ ಒಲೆಯ ಹಿಂದೆ ಬಿತ್ತು. ಎರಡನೆಯದು ಅರ್ಧ ಹೊಕ್ಕು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತು.

ಅದಕ್ಕೆ ಕಾರಣ ಸ್ಕ್ರೂ ಮಾತ್ರವಲ್ಲ. ರಿಯಾಯಿತಿಯಲ್ಲಿ ಬಂದ ಡ್ರಿಲ್ ಯಂತ್ರದ ಜೊತೆಗೆ ನೂರಕ್ಕೂ ಹೆಚ್ಚು ಬಿಡಿಭಾಗಗಳ ಪೆಟ್ಟಿಗೆಯಿತ್ತು. ಬೇಕಾದ ಬಿಟ್, ಅಂದರೆ ಸ್ಕ್ರೂ ತಿರುಗಿಸುವ ತುದಿ, ಮಾತ್ರ ಮೆತ್ತಗಿನ ಲೋಹದ್ದಾಗಿದ್ದರಿಂದ ಸ್ಕ್ರೂವಿನ ತಲೆಯ ಗೀರಿನೊಡನೆ ತಾನೂ ಸವೆಯಿತು. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಬಳಕೆಗೆ ತಂದ, ‘+’ ಆಕಾರದ ಈ ಕೂಡುಗೀರಿನ ತಲೆಯಿಂದ ಬಿಟ್ ಜಾರುವುದು ಹೊಸತೇನಲ್ಲ. ಕೂಡುಗೀರಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪೋಜಿಡ್ರೈವ್. ಅದರ ಬಿಟ್ ಬೇರೆ. ಎರಡನ್ನೂ ‘ಸ್ಟಾರ್’ ಎಂದೇ ಕರೆದು ಒಂದೇ ಬಿಟ್‌ನಿಂದ ತಿರುಗಿಸುವ ನಮ್ಮ ಔದಾರ್ಯಕ್ಕೆ ಬಲಿಯಾದ ತಲೆಗಳು ಎಷ್ಟೋ! ನನ್ನನ್ನು ಕೇಳಿದರೆ, ಯಂತ್ರದಲ್ಲಿ ಉಳಿಸಿದರೂ ಬಿಟ್‌ನಲ್ಲಿ ಉಳಿಸಬಾರದು.

ಛಲ ಬಿಡದ ಭಾವ ಮರುದಿನ ಅಂಗಡಿಯ ಅತ್ಯಂತ ದುಬಾರಿ ಹಿತ್ತಾಳೆ ಸ್ಕ್ರೂಗಳನ್ನೇ ತಂದರು. ಹಳೆಯ ಹಲಸಿನ ಮರ ಬೆಲೆಪಟ್ಟಿ ಓದುವುದಿಲ್ಲವಾದ್ದರಿಂದ ಮೆದುವಾದ ಹಿತ್ತಾಳೆಯೂ ಕತ್ತಿನಲ್ಲೇ ತಿರುಚಿಕೊಂಡಿತು. ಕೊನೆಗೆ ಕರೆಸಿಕೊಂಡ ಆಚಾರ್ರು ಯಾವ ಸ್ಕ್ರೂವನ್ನೂ ಬೈಯಲಿಲ್ಲ. ಬೈರಿಗೆಯಿಂದ ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಒಮ್ಮೆ ಹೊಗಿಸಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಮೇಣದಬತ್ತಿ ಉಜ್ಜಿ ಕೈಯಿಂದಲೇ ತಿರುಗಿಸಿದರು. ಅದು ಸದ್ದಿಲ್ಲದೆ ಹೋಗಿ ಕುಳಿತಿತು. ಅವರ ಉಳಿಯ ಹಿಡಿ ಪೇರಳೆ ಮರದ್ದು, ತಾವೇ ಕೆತ್ತಿಕೊಂಡದ್ದು. ಅಲಗು ಮಾತ್ರ ದುಬಾರಿ ಉಕ್ಕಿನದು. ಎಲ್ಲಿ ಉಳಿಸಬೇಕೆಂಬುದು ಅವರಿಗೆ ಗೊತ್ತಿತ್ತು.

ಅರ್ಧ ಹೊಕ್ಕ ಕಪ್ಪು ಸ್ಕ್ರೂವನ್ನು ಕೀಳಹೋದರೆ ಹಲಗೆಯೇ ಸೀಳೀತೆಂದು ಅವರು ಅದನ್ನು ಹಾಗೆಯೇ ಬಿಟ್ಟರು. ಅಕ್ಕ ಈಗ ಅದಕ್ಕೆ ಸೌಟು ತೂಗುಹಾಕುತ್ತಾಳೆ. ಕೊಕ್ಕೆಯ ದುಡ್ಡು ಉಳಿಯಿತೆಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದಾರೆ.