ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?

ಮಾಯಾನಗರದ ಮಹಾಪ್ರಭುಗಳಿಗೆ ನಮಸ್ಕಾರ.

ತಮ್ಮ ಪತ್ರ ತಲುಪಿತು. ಓದಿ ಬೇಸರವಾಯಿತು. ಆಕಾಶದಲ್ಲಿ ತೇಲುವ ಕೋಟೆ, ಕರೆದರೆ ಬರುವ ಡ್ರ್ಯಾಗನ್, ಕನ್ನಡಿಯೊಳಗೆ ಕೂತು ಊರೆಲ್ಲ ನೋಡುವ ಗೂಢಚಾರರು. ಇಷ್ಟೆಲ್ಲ ಇಟ್ಟುಕೊಂಡು 12 ವರ್ಷದ ಮಕ್ಕಳ ಕೈಲಿ ಸೋಲುವ ಹಂತಕ್ಕೆ ಬಂದಿದ್ದೀರಿ. ನೀವೊಬ್ಬರೇ ಅಲ್ಲ ಬಿಡಿ. ಮಂತ್ರದಂಡ ಇರುವ ಊರಿನ ದೊರೆಗಳಿಗೆಲ್ಲ ಇದೇ ರೋಗ.

ನನಗೆ ಅರ್ಥವಾದ ಮಟ್ಟಿಗೆ ವಿಷಯ ಇಷ್ಟು. ನೀವು ನೆರಳಿಗೆ ತೆರಿಗೆ ಹಾಕಿದಿರಿ. ಉದ್ದ ನೆರಳಿಗೆ ಜಾಸ್ತಿ, ಗಿಡ್ಡ ನೆರಳಿಗೆ ಕಮ್ಮಿ. ದೊಡ್ಡವರು ಗೊಣಗುತ್ತಾ ಕಟ್ಟಿದರು. ಮಕ್ಕಳು ಮಾತ್ರ ನಡು ಮಧ್ಯಾಹ್ನವೇ ಮನೆಯಿಂದ ಹೊರಬಿದ್ದು, ಅಳತೆಯವರ ಮುಂದೆ ಸಾಲಾಗಿ ನಿಂತು, "ಈಗ ಅಳೀರಿ" ಅಂದರು. ಮರುದಿನ ಅರಮನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಸಾಲು: "ನೆರಳಿಗೆ ತೆರಿಗೆ ಯಾಕೆ?" ಅಷ್ಟಕ್ಕೇ ನೀವು ಡ್ರ್ಯಾಗನ್ ಬಿಟ್ಟಿರಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ. ಈಗ ಆ ಡ್ರ್ಯಾಗನ್ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಊರು ಸುತ್ತಿಸುತ್ತಿದೆ ಎಂದು ಬರೆದಿದ್ದೀರಿ. ಮತ್ತೇನಾಗುತ್ತದೆ? ಡ್ರ್ಯಾಗನ್‌ಗಳು ಯಾವತ್ತೂ ಮಕ್ಕಳ ಪಕ್ಷವೇ.

ಒಂದು ವಿಷಯದಲ್ಲಿ ನೀವು ಪುಣ್ಯವಂತರು. ನಿಮ್ಮ ಊರಿನ ದೊಡ್ಡವರು ಬಂಗಾರದಂಥವರು. ಮಾಂತ್ರಿಕರ ಸಭೆಯಲ್ಲಿ 300 ಜನ ಇದ್ದಾರಂತೆ. ಬೆಟ್ಟ ಎತ್ತುತ್ತಾರೆ, ನದಿ ತಿರುಗಿಸುತ್ತಾರೆ. ಕೈ ಎತ್ತಿ ಒಂದು ಪ್ರಶ್ನೆ ಕೇಳಿ ಅಂದರೆ ಮಾತ್ರ ಭುಜ ನೋವು. ಗಡ್ಡ ನೀವಿಕೊಂಡು, "ಒಬ್ಬ ಹುಡುಗಿ ಬಂದು ಎಲ್ಲ ಸರಿ ಮಾಡ್ತಾಳೆ ಅಂತ ಭವಿಷ್ಯವಾಣಿ ಇದೆ, ಕಾಯೋಣ" ಎನ್ನುತ್ತಾರೆ. ಇಂಥ ಭವಿಷ್ಯವಾಣಿಗಳನ್ನೆಲ್ಲ ಬರೆದದ್ದು ಕೆಲಸ ತಪ್ಪಿಸಿಕೊಂಡ ದೊಡ್ಡವರೇ ಇರಬೇಕು ಎಂದು ನನಗೆ ಬಹಳ ದಿನದಿಂದ ಅನುಮಾನ.

ಇನ್ನೊಂದು. ನಿಮ್ಮ ಜೀವ ಇರುವ ಗಿಣಿಯನ್ನು ಏಳು ಸಮುದ್ರದಾಚೆ ಇಟ್ಟಿದ್ದೀರಂತೆ. ಸುಮ್ನೆ ಮನೆಗೆ ತಂದುಬಿಡಿ. ಅಷ್ಟು ದೂರ ಇಟ್ಟರೆ ಮಕ್ಕಳಿಗೆ ಪ್ರವಾಸ ಹೋಗುವ ಆಸೆ ಹುಟ್ಟುತ್ತದೆ.

ಈಗ ನನ್ನ ಮುಖ್ಯ ಸಲಹೆ. ಮಂತ್ರ ಬೇಡ, ಶಾಪ ಬೇಡ. ಒಂದೇ ಪ್ರಶ್ನೆ ಸಾಕು. "ಈ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?"

ಬಹಳ ಹಳೆಯ ಅಸ್ತ್ರ ಇದು. ಪ್ರಹ್ಲಾದ ಬಾಯಿ ಬಿಟ್ಟಾಗ ಹಿರಣ್ಯಕಶಿಪುವಿಗೆ ಮೊದಲು ಅನುಮಾನ ಬಂದದ್ದು ಹೇಳಿಕೊಟ್ಟವರ ಮೇಲೆ. ಪಾಪ, ಮೇಷ್ಟ್ರುಗಳೂ ಬೈಸಿಕೊಂಡರು. ಮಗು ತಾನೇ ಯೋಚನೆ ಮಾಡಿರಬಹುದು ಎಂಬುದು ಮೂರು ಲೋಕ ಗೆದ್ದವನಿಗೂ ಹೊಳೆಯಲಿಲ್ಲ. ಆ ಪ್ರಶ್ನೆಯ ಮಹಿಮೆಯೇ ಅದು. ಕೇಳಿದ ಕೂಡಲೇ ಎದುರಿಗಿದ್ದ ಮಗು ಮಾಯ. ಅದರ ಜಾಗದಲ್ಲಿ ಒಂದು ಕಾಣದ ಕೈ ಬಂದು ಕೂರುತ್ತದೆ. ಇದಕ್ಕಿಂತ ದೊಡ್ಡ ಮಾಯಾವಿದ್ಯೆ ನಿಮ್ಮ ಊರಲ್ಲೂ ಇರಲಾರದು.

ಮಾಯೆ ಇಲ್ಲದ ಊರುಗಳಿಂದಲೂ ಕಲಿಯುವುದಿದೆ. 1963ರ ಮೇ 2ರಂದು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಬಿಳಿಯರಿಗೊಂದು, ನಮಗೊಂದು ಎಂಬ ಕಾನೂನು ಹೋಗಲಿ ಎಂದರು. ಜೈಲು ತುಂಬಿತು. ಒಳಗೆ ಹೋದವರಲ್ಲಿ 9 ವರ್ಷದ ಹುಡುಗಿಯೂ ಇದ್ದಳು. ಮರುದಿನ ಪೊಲೀಸರು ನಾಯಿ ಬಿಟ್ಟರು. ಬೆಂಕಿ ಆರಿಸುವ ಪೈಪ್‌ಗಳನ್ನು ಮಕ್ಕಳ ಕಡೆ ತಿರುಗಿಸಿದರು. ಇದನ್ನು ಮಾಡಿಸಿದ ಬುಲ್ ಕಾನರ್ ಅವರ ಹುದ್ದೆಯ ಹೆಸರೇನು ಗೊತ್ತೇ? ಸಾರ್ವಜನಿಕ ಸುರಕ್ಷತೆಯ ಕಮಿಷನರ್. ನೀವು ಕಲಿಯಬೇಕಾದದ್ದು ಇದನ್ನು, ಪ್ರಭು. ನಿಮ್ಮ ಹಾಗೆ "ಕರಾಳ ಗೋಪುರದ ಒಡೆಯ" ಎಂದು ಬೋರ್ಡು ಹಾಕಿಕೊಂಡರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ ಅಲ್ವಾ?

ಅಲ್ಲಿನ ಶಿಕ್ಷಣ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ. ಶಾಲೆ ತಪ್ಪಿಸಿ ಮೆರವಣಿಗೆಗೆ ಹೋದ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಶಿಕ್ಷೆ ಕೊಟ್ಟಿತು. ಏನು ಶಿಕ್ಷೆ? ಶಾಲೆಗೆ ಬರಬೇಡಿ ಎಂದಿತು. ಮೇಲಿನ ಕೋರ್ಟು ಕೆಲವೇ ದಿನಗಳಲ್ಲಿ ಅದನ್ನು ತಡೆಯಿತು, ಇರಲಿ. ಅಲ್ಲೂ ಎಷ್ಟೋ ದೊಡ್ಡವರಿಗೆ ಮಕ್ಕಳನ್ನು ಬೀದಿಗೆ ತಂದವರು ಯಾರು ಎಂಬುದೇ ಚಿಂತೆಯಾಗಿತ್ತು. ಹೇಳಿಕೊಟ್ಟವರು ಇದ್ದರು, ನಿಜ. ಹೊಡೆದರೂ ತಿರುಗಿ ಹೊಡೆಯಬೇಡಿ ಎಂದು ಹೇಳಿಕೊಟ್ಟಿದ್ದರು. ತಮಗೆ ಕುಡಿಯುವ ನೀರಿನ ನಲ್ಲಿಯೇ ಬೇರೆ ಎಂಬುದನ್ನು ಮಾತ್ರ ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿಮ್ಮ ಊರಲ್ಲಿ ಕುಬ್ಜರೂ ಇದ್ದಾರೆ, ಮಾತಾಡುವ ಗೊಂಬೆಗಳೂ ಇವೆ ಎಂದು ಕೇಳಿದ್ದೇನೆ. ಹುಷಾರು. ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಸರ್ಕಾರದ ವಿರುದ್ಧದ ಗೋಡೆಬರಹಗಳ ಮೇಲೆ ಅಧಿಕಾರಿಗಳು ಬಣ್ಣ ಬಳಿಸುತ್ತಿದ್ದರು. 1982ರಿಂದ ಆ ಬಣ್ಣದ ಪಟ್ಟೆಗಳ ಮೇಲೆ ಟೋಪಿ ಹಾಕಿದ ಕುಬ್ಜರ ಚಿತ್ರಗಳು ಕಾಣಿಸತೊಡಗಿದವು. 1988ರ ಜೂನ್ 1, ಅಲ್ಲಿ ಮಕ್ಕಳ ದಿನ. ಸಾವಿರಾರು ಜನ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಕುಬ್ಜರಾಗಿ ಬೀದಿಗಿಳಿದರು. ಪೊಲೀಸರ ಕಷ್ಟ ಯೋಚಿಸಿ. ಹಿಡಿದರೆ ವರದಿಯಲ್ಲಿ "ಅಕ್ರಮವಾಗಿ ಗುಂಪುಗೂಡಿದ ಕುಬ್ಜರು" ಎಂದು ಬರೆಯಬೇಕು.

ಅದಕ್ಕಿಂತ ಮಜಾ ರಷ್ಯಾದ ಬರ್ನಾವುಲ್ ಎಂಬ ಊರಿನದು. 2012ರ ಜನವರಿಯಲ್ಲಿ ಅಲ್ಲಿ ಪ್ರತಿಭಟನೆಗೆ ಜನರಿಗೆ ಅನುಮತಿ ಸಿಗಲಿಲ್ಲ. ಹೋರಾಟಗಾರರು ಹಿಮದ ಮೇಲೆ ಆಟಿಕೆಗಳನ್ನು ನಿಲ್ಲಿಸಿದರು. ಪುಟ್ಟ ಸೈನಿಕರು, ಗೊಂಬೆಗಳು, ಆಟದ ಕಾರುಗಳು. ಒಂದೊಂದರ ಕೈಲೂ ಬೆರಳುದ್ದದ ಫಲಕ, ಚುನಾವಣೆಯಲ್ಲಿ ಮೋಸ ಆಗಿದೆ ಎಂದು. ಪೊಲೀಸರು ಬಗ್ಗಿ ನಿಂತು ಫಲಕಗಳಲ್ಲಿ ಏನಿದೆ ಎಂದು ಬರೆದುಕೊಂಡರು. ಮುಂದಿನ ಬಾರಿ ಗೊಂಬೆಗಳ ಹೆಸರಲ್ಲೇ ಅನುಮತಿ ಕೇಳಿದಾಗ ಅಧಿಕಾರಿಗಳು ನಿರಾಕರಿಸಿದರು. ಕಾರಣ ಗಂಭೀರವಾಗಿಯೇ ಕೊಟ್ಟರು. ಆಟಿಕೆಗಳು, ಅದರಲ್ಲೂ ಹೊರದೇಶದಿಂದ ಬಂದವು, ರಷ್ಯಾದ ನಾಗರಿಕರಲ್ಲ. ಮನುಷ್ಯರೂ ಅಲ್ಲ. ನಿಮ್ಮ ಮಾಂತ್ರಿಕರು ಗೊಂಬೆಗೆ ಜೀವ ಕೊಡಲು ವರ್ಷಗಟ್ಟಲೆ ತಪಸ್ಸು ಮಾಡುತ್ತಾರಂತೆ. ಬರ್ನಾವುಲ್‌ನಲ್ಲಿ ಒಂದು ಸರ್ಕಾರಿ ಕಾಗದ ಸಾಕಾಯಿತು.

ನಿಮ್ಮ ಗೋಡೆಯ ಸೀಮೆಸುಣ್ಣದ ವಿಷಯಕ್ಕೆ ಬರುತ್ತೇನೆ. ಅಳಿಸಿ, ಸುಮ್ಮನಾಗಿ. 2011ರಲ್ಲಿ ಸಿರಿಯಾದ ದರಾ ಊರಿನಲ್ಲಿ ಹುಡುಗರು ಶಾಲೆಯ ಗೋಡೆಯ ಮೇಲೆ "ಡಾಕ್ಟರೇ, ಮುಂದಿನ ಸರದಿ ನಿಮ್ಮದು" ಎಂದು ಬರೆದರು. ಆಗಿನ ಅಧ್ಯಕ್ಷ ಅಸಾದ್ ಕಣ್ಣಿನ ಡಾಕ್ಟರು. ಹುಡುಗರನ್ನು ಹಿಡಿದು ಹಿಂಸೆ ಕೊಟ್ಟರು. ಅಪ್ಪ ಅಮ್ಮಂದಿರು ಬೀದಿಗೆ ಬಂದರು. ಆಮೇಲೆ ನಡೆದದ್ದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಅಧಿಕಾರ ಬಿಟ್ಟು ಓಡುವ ಡಾಕ್ಟರ ಸರದಿ ಬಂದದ್ದು 2024ರ ಡಿಸೆಂಬರ್‌ನಲ್ಲಿ.

ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ. ಧೈರ್ಯವಾಗಿ ಹಾಕಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ್ದು ಅದು. ಅಮೆರಿಕ ಬಿಟ್ಟು ಹೆಚ್ಚುಕಮ್ಮಿ ಎಲ್ಲ ದೇಶಗಳೂ ಒಪ್ಪಿಕೊಂಡಿವೆ, ಯಾರ ಸಿಂಹಾಸನವೂ ಅದರಿಂದ ಅಲುಗಿಲ್ಲ. 12ನೇ ವಿಧಿಯ ಪ್ರಕಾರ ಮಗುವಿನ ಮಾತಿಗೆ ಅದರ ವಯಸ್ಸು, ತಿಳಿವಳಿಕೆ ನೋಡಿ ಬೆಲೆ ಕೊಡಬೇಕು. ಮಗುವಿನ ವಯಸ್ಸು, ಮಗುವಿನ ತಿಳಿವಳಿಕೆ. ನಿಮ್ಮದನ್ನು ಯಾರೂ ಅಳೆಯುವುದಿಲ್ಲ.

ಇಷ್ಟಾಗಿಯೂ ಸೋತರೆ? ಚಿಂತೆ ಬೇಡ. ನಿಮ್ಮ ನಂತರ ಬರುವವರು ಆ ಮಕ್ಕಳ ಪ್ರತಿಮೆ ನಿಲ್ಲಿಸುತ್ತಾರೆ. ವ್ರೊತ್ಸ್ವಾಫ್‌ನ ಬೀದಿಗಳಲ್ಲಿ ಈಗ ನೂರಾರು ಪುಟ್ಟ ಲೋಹದ ಕುಬ್ಜರಿದ್ದಾರೆ, ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. 1976ರ ಜೂನ್ 16ರಂದು ಸೊವೆಟೊದಲ್ಲಿ, ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಬೇಡ ಎಂದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ದಕ್ಷಿಣ ಆಫ್ರಿಕಾದಲ್ಲಿ ಈಗ ಆ ದಿನ ರಜೆ. ನಿಮ್ಮ ಊರಲ್ಲೂ ನೆರಳಿನ ಮಕ್ಕಳ ಕಥೆ ಪಾಠವಾಗುತ್ತದೆ. ಐದು ಅಂಕದ ಪ್ರಶ್ನೆ ಬರುತ್ತದೆ. ಪಾಠದ ನಡುವೆ ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗನನ್ನು ಹೊರಗೆ ನಿಲ್ಲಿಸುತ್ತಾರೆ.

ನನ್ನ ಫೀಸನ್ನು ಬಂಗಾರದಲ್ಲೇ ಕಳಿಸಿ. ನೀವು ಮುಟ್ಟಿ ಮಾಡಿದ್ದು ಬೇಡ, ನಿಜವಾದದ್ದು.

ಇಂತಿ,
ತಮ್ಮ ಸಲಹೆಗಾರ

ಮರೆತಿದ್ದೆ. ಪತ್ರ ಮಡಚುವ ಮೊದಲು ನನ್ನ ಮಗಳು ಕಸಿದುಕೊಂಡು ಪೂರ್ತಿ ಓದಿದಳು. ಅವಳಿಗೆ 10 ವರ್ಷ. "ನೆರಳಿಗೆ ತೆರಿಗೆ ಯಾಕೆ ಅಂತ ಅವರು ಕೇಳಿದ್ರಲ್ಲ ಅಪ್ಪಾ, ಅದಕ್ಕೆ ಉತ್ತರ ಎಲ್ಲಿ ಬರೆದಿದ್ದೀಯಾ?" ಅಂದಳು.

ನಾನು ಪತ್ರ ವಾಪಸ್ ತೆಗೆದುಕೊಂಡು, ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ.